ಪ್ಯಾನೆಲ್ಲಿಗೆ ಕಂಬಳಿ ಹೊದೆಸಿ ಎಂಪಿಪಿಟಿ ಬೋರ್ಡ್ ಟೆಸ್ಟ್ ಮಾಡೋದು

ಮಳೆಗಾಲದಲ್ಲಿ ಶಿರಸಿ ಕಡೆ ಕೂತ್ಕಂಡು ಸೋಲಾರಿನ ಎಂಪಿಪಿಟಿ ಬೋರ್ಡ್ (ಮ್ಯಾಕ್ಸಿಮಮ್ ಪವರ್ ಪಾಯಿಂಟ್ ಟ್ರ್ಯಾಕಿಂಗ್, ಅಂದ್ರೆ ಪ್ಯಾನೆಲ್ಲಿಂದ ಆದಷ್ಟು ಹೆಚ್ಚು ಪವರ್ ತೆಗೆದು ಬ್ಯಾಟರಿಗೆ ತುಂಬೋದು) ಟೆಸ್ಟ್ ಮಾಡ್ತೀನಿ ಅಂದ್ರೆ ಯಾರಾದ್ರೂ ನಗ್ತಾರೆ. ಹೋದ ವರ್ಷ ನಂದು ಹಾಗೇ ಆಯ್ತು, ಬೇಸಿಗೇಲಿ ತೋಟದ ಕೆಲಸ, ಮದುವೆ ಮುಂಜಿ ಅಂತ ಟೈಮೇ ಸಿಗ್ಲಿಲ್ಲ, ಬೋರ್ಡ್ ಸೋಲ್ಡರ್ ಮಾಡಿ ಮುಗಿಸೋ ಹೊತ್ತಿಗೆ ಆರಿದ್ರಾ ಮಳೆ ಹಿಡ್ದು ಕೂತಿತ್ತು, ಎಂಟು ದಿನ ಸೂರ್ಯನ ಸುದ್ದಿ ಇಲ್ಲ. ಒಂದಿನ ಮಧ್ಯಾಹ್ನ ಹತ್ತು ನಿಮಿಷ ಬಿಸಿಲು ಬಂತು ನೋಡಿ, ಪ್ಯಾನೆಲ್ಲು ಬ್ಯಾಟರಿ ಬೋರ್ಡು ಮೂರನ್ನೂ ಅಂಗಳಕ್ಕೆ ತಂದು ಒಟ್ಟಿಗೇ ಸಿಗಿಸ್ಬಿಟ್ಟೆ. ಟಪ್ ಅಂತು. ಎರಡು ಮಾಸ್‌ಫೆಟ್ (ಕರೆಂಟನ್ನ ಆನ್ ಆಫ್ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್ಚು) ಹೋದ್ವು, ಒಂದರ ಹೊಟ್ಟೆ ಮೇಲೆ ಅಕ್ಕಿಕಾಳಷ್ಟು ತೂತು, ಆ ವಾಸನೆ ಜಗಲೀಲಿ ಸಂಜೆವರೆಗೂ ಇತ್ತು.

ಆಮೇಲೆ ಗೊತ್ತಾಗಿದ್ದು ಏನಂದ್ರೆ ಈ ಬೋರ್ಡ್ ಟೆಸ್ಟ್ ಮಾಡೋಕೆ ಬಿಸಿಲು ಬೇಕಾಗೋದು ಕಟ್ಟಕಡೇಲಿ, ಅದಕ್ಕಿಂತ ಮುಂಚಿನ ಮುಕ್ಕಾಲು ಪಾಲು ಕೆಲಸ ಮನೆ ಒಳಗೇ ಆಗ್ತದೆ, ಆಗ್ಲೇಬೇಕು. ನಾನು ಹ್ಯಾಗೆ ಮಾಡಿದೆ ಅಂತ ಸಾಲಾಗಿ ಬರೀತೀನಿ, ನೀವೂ ಹಾಗೇ ಒಂದೊಂದೇ ಮೆಟ್ಲು ಹತ್ತಿ.

ಮೊದ್ಲು ನನ್ನ ಬೋರ್ಡ್ ಬಗ್ಗೆ, ಯಾಕಂದ್ರೆ ಕೆಳಗಿನ ಲೆಕ್ಕ ಎಲ್ಲ ಇದರದ್ದೇ. 100 ವ್ಯಾಟಿನ ಪ್ಯಾನೆಲ್ಲು, 36 ಸೆಲ್ಲು, ಹಿಂದಿನ ಲೇಬಲ್ಲಲ್ಲಿ ಓಪನ್ ವೋಲ್ಟೇಜ್ (ಏನೂ ಕಟ್ಟದೆ ಇದ್ದಾಗಿಂದು) 21.6, ಪೂರ್ತಿ ಪವರ್ ಸಿಗೋ ಜಾಗ 18 ವೋಲ್ಟಿಗೆ 5.56 ಆಂಪ್. ಬೋರ್ಡು ಬಕ್ ಕನ್ವರ್ಟರ್, ಅಂದ್ರೆ ವೋಲ್ಟೇಜ್ ಇಳಿಸಿ ಕರೆಂಟ್ ಏರಿಸೋದು. ಎರಡು ಎನ್ ಚಾನೆಲ್ ಮಾಸ್‌ಫೆಟ್ಟು, ಅವನ್ನ ಕುಣಿಸೋಕೆ ಐಆರ್ 2104 ಡ್ರೈವರ್, 33 ಮೈಕ್ರೋಹೆನ್ರಿ ಕಾಯಿಲ್ಲು, 50 ಕಿಲೋಹರ್ಟ್ಸ್ ಪಿಡಬ್ಲ್ಯುಎಂ (ಮಾಸ್‌ಫೆಟ್ಟನ್ನ ಸೆಕೆಂಡಿಗೆ ಐವತ್ತು ಸಾವಿರ ಸಲ ಆನ್ ಆಫ್ ಮಾಡೋ ಸಿಗ್ನಲ್ಲು), ಕರೆಂಟ್ ಅಳೆಯೋಕೆ 20 ಆಂಪಿನ ಎಸಿಎಸ್ 712, ತಲೆ ಆರ್ಡಿನೋ ನ್ಯಾನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು. ಎಂಪಿಪಿಟಿ ಯಾಕೆ ಬೇಕು ಅಂದ್ರೆ, ಸಾದಾ ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲ್ಲನ್ನ ಸೀದಾ ಬ್ಯಾಟರಿಗೆ ಕಟ್ತದೆ, ಬ್ಯಾಟರಿ 13 ವೋಲ್ಟಲ್ಲಿದ್ರೆ ಪ್ಯಾನೆಲ್ಲೂ 13ಕ್ಕೇ ಇಳೀತದೆ, 13 ಗುಣಿಸು 5.6, ಸುಮಾರು 73 ವ್ಯಾಟು. ಉಳಿದಿದ್ದು ಬಿಸಿಲಲ್ಲೇ ಬಿಟ್ಟಂಗೆ. ಎಂಪಿಪಿಟಿ ಆದ್ರೆ ಪ್ಯಾನೆಲ್ಲನ್ನ 18ರಲ್ಲೇ ನಿಲ್ಲಿಸಿ ಬ್ಯಾಟರಿಗೆ ಬೇಕಾದ ವೋಲ್ಟೇಜಿಗೆ ತಿರುಗಿಸಿ ಕೊಡ್ತದೆ.

ಇಲ್ಲಿ ಒಂದು ಮಾತು, ಅಂಗಡೀಲಿ ಆನ್‌ಲೈನಲ್ಲಿ ಎಂಪಿಪಿಟಿ ಅಂತ ಬರೆದು ಮಾರೋ ಅಗ್ಗದ ಡಬ್ಬಿ ಎಷ್ಟೋ ಒಳಗೆ ಬರೇ ಪಿಡಬ್ಲ್ಯುಎಂ. ಕಂಡುಹಿಡಿಯೋದು ಸುಲಭ. ಬ್ಯಾಟರಿ ಚಾರ್ಜ್ ಆಗ್ತಿರೋವಾಗ ಪ್ಯಾನೆಲ್ ವೈರಿನ ಮೇಲೆ ಮೀಟರ್ ಇಡಿ, ಬ್ಯಾಟರಿ ವೋಲ್ಟೇಜಿಗಿಂತ ಅರ್ಧ ವೋಲ್ಟ್ ಅಷ್ಟೇ ಜಾಸ್ತಿ ಇದ್ರೆ ಅದು ಎಂಪಿಪಿಟಿ ಅಲ್ಲ, 16 17 ತೋರಿಸಿದ್ರೆ ನಂಬಬಹುದು. ಡಬ್ಬಿ ಕೈಗೆ ತಗಂಡ್ರೂ ಗೊತ್ತಾಗ್ತದೆ, ಒಳಗೆ ಕಾಯಿಲ್ ಇಲ್ಲದ್ದು ಹಗುರ ಇರ್ತದೆ.

ಬೇಕಾದ ಸಾಮಾನು

ಎರಡು ಮಲ್ಟಿಮೀಟರ್, ನಾಲ್ಕಿದ್ರೆ ಅರಾಮ. 30 ವೋಲ್ಟ್ 5 ಆಂಪಿನ ಬೆಂಚ್ ಸಪ್ಲೈ (ಬೇಕಾದಷ್ಟು ವೋಲ್ಟೇಜ್ ಕೊಡೋ ಮೇಜಿನ ಪವರ್ ಸಪ್ಲೈ), ಕರೆಂಟ್ ಲಿಮಿಟ್ ತಿರುಗಿಸೋ ನಾಬ್ ಇರೋದು, ಇದಿಲ್ಲದೆ ಕೈ ಹಾಕ್ಬೇಡಿ ಅಂತೀನಿ ನಾನು, ಪರಿಚಯದ ರಿಪೇರಿ ಅಂಗಡಿಯವರ ಹತ್ರ ಒಂದು ವಾರಕ್ಕೆ ಕೇಳಿ ತಂದ್ರೂ ಸಾಕು. 10 ಓಮ್ 50 ವ್ಯಾಟಿನ ರೆಸಿಸ್ಟರ್, ಬಂಗಾರದ ಬಣ್ಣದ ಅಲ್ಯೂಮಿನಿಯಂ ಕವಚದ್ದು, ಹೀಟ್‌ಸಿಂಕಿಗೆ (ಬಿಸಿ ಹೊರಹಾಕೋ ಲೋಹದ ತುಂಡು) ಕೂರಿಸಿ. ಯುಪಿಎಸ್ ಒಳಗಿರೋ 12 ವೋಲ್ಟ್ 7 ಎಎಚ್ ಬ್ಯಾಟರಿ ಒಂದು. ಬೈಕಿನ ಇಂಡಿಕೇಟರ್ ಬಲ್ಬ್ 21 ವ್ಯಾಟಿಂದು, ಜೀಪಿನ ಹೆಡ್‌ಲೈಟ್ ಬಲ್ಬ್ 55 ವ್ಯಾಟಿಂದು. ಫ್ಯೂಸು, 10 ಆಂಪಿಂದು ನಾಕೈದು, ಹೋಗ್ತಾವೆ.

ಕ್ಲ್ಯಾಂಪ್ ಮೀಟರ್ ಇದೆ ಅಂತ ಖುಷಿ ಪಡೋರು ಅದರ ಮೇಲೆ ಡಿಸಿ ಆಂಪ್ ಚಿಹ್ನೆ ಇದೆಯಾ ನೋಡ್ಕಳಿ, ವೈರಿಂಗ್ ಕೆಲಸದವರ ಹತ್ರ ಇರೋದು ಹೆಚ್ಚಿಂದು ಎಸಿ ಮಾತ್ರ ಅಳೀತದೆ, ಡಿಸಿಗೆ ಸೊನ್ನೆ ತೋರಿಸ್ತದೆ, ನೀವು ಬೋರ್ಡ್ ಸತ್ತೋಯ್ತು ಅಂದ್ಕಂತೀರಿ.

ಒಂದನೇ ಮೆಟ್ಲು: ಕರೆಂಟ್ ಕೊಡೋಕೆ ಮುಂಚೆ

ಬೋರ್ಡನ್ನ ಬೆಳಕಿಗೆ ಹಿಡಿದು ಸೋಲ್ಡರ್ ನೋಡಿ, ಕೆಪಾಸಿಟರ್ ಉಲ್ಟಾ ಇದೆಯಾ ನೋಡಿ, ಪ್ಯಾನೆಲ್ ಕಡೆ ಕೆಪಾಸಿಟರ್ 50 ವೋಲ್ಟಿಗಿಂತ ಕಮ್ಮಿದು ಹಾಕಿದ್ರೆ ಈಗ್ಲೇ ಬದಲಿಸಿ. ಮೀಟರನ್ನ ಡಯೋಡ್ ಮೋಡಿಗೆ ಹಾಕಿ ಎರಡೂ ಮಾಸ್‌ಫೆಟ್ಟಿನ ಡ್ರೇನ್ ಸೋರ್ಸ್ (ಕರೆಂಟ್ ಹರಿಯೋ ಎರಡು ಕಾಲು) ನಡುವೆ ಇಟ್ರೆ ಒಂದು ಕಡೆ 0.4 0.5 ಬರಬೇಕು, ಇನ್ನೊಂದು ಕಡೆ ಏನೂ ಬರಬಾರದು, ಎರಡೂ ಕಡೆ ಬೀಪ್ ಅಂದ್ರೆ ಶಾರ್ಟು.

ಇದರಲ್ಲಿ ಎಲ್ಲರೂ ಸಿಕ್ಕಿಬೀಳೋ ಜಾಗ ಹೀಟ್‌ಸಿಂಕು. ಈ ಮಾಸ್‌ಫೆಟ್ಟಿನ ಬೆನ್ನಿನ ತಗಡು ಅಂದ್ರೆ ಡ್ರೇನೇ. ಮೇಲಿನ, ಅಂದ್ರೆ ಪ್ಯಾನೆಲ್ ಕಡೆಯ, ಮಾಸ್‌ಫೆಟ್ಟಿನ ಡ್ರೇನ್ ಪ್ಯಾನೆಲ್ ಪ್ಲಸ್ಸು, ಕೆಳಗಿಂದರ, ಅಂದ್ರೆ ಗ್ರೌಂಡ್ ಕಡೆಯದರ, ಡ್ರೇನ್ ಕಾಯಿಲ್ ಸೇರೋ ಜಾಗ. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಮೈಕಾ (ಕರೆಂಟ್ ಹಾಯದ ತೆಳು ಹಾಳೆ) ಇಲ್ಲದೆ ಬಿಗಿದ್ರೆ ಮೇಲಿನ ಮಾಸ್‌ಫೆಟ್ ಯಾವಾಗ್ಲೂ ಆನ್ ಇದ್ದಂಗೇ ಲೆಕ್ಕ, ಕೆಳಗಿಂದು ಆನ್ ಆದ ಕ್ಷಣ ಶಾರ್ಟು. ಮೈಕಾ ಹಾಕಿ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಿ, ಆಮೇಲೆ ತಗಡಿಗೂ ಹೀಟ್‌ಸಿಂಕಿಗೂ ಮೀಟರ್ ಇಟ್ಟು ಬೀಪ್ ಬರೋದಿಲ್ಲ ಅಂತ ನೋಡಿ.

ಎರಡನೇ ಮೆಟ್ಲು: ತಲೆ ಮಾತ್ರ

ಪ್ಯಾನೆಲ್ಲೂ ಬೇಡ ಬ್ಯಾಟರೀನೂ ಬೇಡ. ಕಂಟ್ರೋಲ್ ಭಾಗಕ್ಕೆ ಮಾತ್ರ ಸಪ್ಲೈಯಿಂದ 12 ವೋಲ್ಟ್ ಕೊಡಿ, ಲಿಮಿಟ್ 0.2 ಆಂಪಿಗೆ ಇಳಿಸಿ. 5 ವೋಲ್ಟ್ ರೈಲು, ಅಂದ್ರೆ ಬೋರ್ಡಲ್ಲಿ 5 ವೋಲ್ಟ್ ಹಂಚೋ ಗೆರೆ, ಸರಿ ಇದೆಯಾ, ಡ್ರೈವರಿಗೆ 10 ವೋಲ್ಟಿಗಿಂತ ಜಾಸ್ತಿ ಬರ್ತಿದೆಯಾ ನೋಡಿ. ಐಆರ್ 2104ಕ್ಕೆ 10ರಿಂದ 20 ವೋಲ್ಟ್ ಬೇಕು, 5 ವೋಲ್ಟಿಗೆ ಕಟ್ಟಿ ಯಾಕೆ ಓಡಲ್ಲ ಅಂತ ಕೇಳೋರು ಇದ್ದಾರೆ.

ಸ್ಕೋಪ್ (ವೋಲ್ಟೇಜಿನ ಅಲೆ ತೋರಿಸೋ ಆಸಿಲೋಸ್ಕೋಪ್) ಇದ್ದೋರು ಕೆಳಗಿನ ಮಾಸ್‌ಫೆಟ್ಟಿನ ಗೇಟ್, ಅಂದ್ರೆ ಅದನ್ನ ಆನ್ ಆಫ್ ಮಾಡೋ ಕಾಲು, ನೋಡಿ. ಡಿಎಸ್ಒ 138 ಅಂತ ಸಣ್ಣ ಕಿಟ್ ಸ್ಕೋಪ್ ಬರ್ತದಲ್ಲ, ಅದು 200 ಕಿಲೋಹರ್ಟ್ಸ್ ವರೆಗೇ, ನಮ್ಮ 50 ಕಿಲೋಹರ್ಟ್ಸ್ ಚೌಕ ಅದರಲ್ಲಿ ಮೂಲೆ ಸವೆದ ಹಂಗೆ ಕಾಣ್ತದೆ, ಪರವಾಗಿಲ್ಲ, ಇದೆಯೋ ಇಲ್ಲವೋ ಗೊತ್ತಾದ್ರೆ ಸಾಕು. ಮೇನ್ಸಿಗೆ ಸಿಗಿಸೋ ದೊಡ್ಡ ಸ್ಕೋಪ್ ಆದ್ರೆ ಅದರ ಗ್ರೌಂಡ್ ಕ್ಲಿಪ್ಪನ್ನ ಬೋರ್ಡಿನ ಗ್ರೌಂಡ್ ಬಿಟ್ಟು ಬೇರೆ ಎಲ್ಲೂ ಕಚ್ಚಿಸಬೇಡಿ, ಮೇಲಿನ ಗೇಟ್ ನೋಡ್ತೀನಿ ಅಂತ ಕಾಯಿಲ್ ತುದಿಗೆ ಕಚ್ಚಿಸಿದ್ರೆ ಅರ್ಥಿಂಗ್ ಮೂಲಕ ಶಾರ್ಟ್ ಆಗೋ ಸಾಧ್ಯತೆ ಇದೆ.

ಇಲ್ಲೇ ವೋಲ್ಟೇಜ್ ಓದೋದನ್ನೂ ಸರಿಮಾಡ್ಕಳಿ, ಇದು ಮುಂದೆ ತುಂಬಾ ಕಾಡ್ತದೆ. ವೋಲ್ಟೇಜ್ ಇಳಿಸಿ ನ್ಯಾನೋ ಪಿನ್ನಿಗೆ ಕೊಡೋಕೆ ನಾನು 100 ಕೆ ಮತ್ತು 15 ಕೆ ರೆಸಿಸ್ಟರ್ ಹಾಕಿದ್ದು, 30 ವೋಲ್ಟ್ ಬಂದ್ರೂ ಪಿನ್ನಿಗೆ 3.9 ವೋಲ್ಟ್ ಅಷ್ಟೇ. ಆದ್ರೆ ನ್ಯಾನೋಕ್ಕೆ ಯುಎಸ್‌ಬಿ ಇಂದ ಪವರ್ ಕೊಟ್ಟಿದ್ದೆ, ಪ್ರೋಗ್ರಾಮಲ್ಲಿ 5 ವೋಲ್ಟ್ ಅಂತ ಬರೆದಿದ್ದೆ, ಮೀಟರ್ ಹಿಡಿದು ನೋಡಿದ್ರೆ ಇದ್ದಿದ್ದು 4.7. ಅಷ್ಟೇ ವ್ಯತ್ಯಾಸಕ್ಕೆ 13.5 ವೋಲ್ಟಿನ ಬ್ಯಾಟರಿ ನ್ಯಾನೋ ಕಣ್ಣಿಗೆ 14.4 ಆಗಿ ಕಾಣ್ತಿತ್ತು. 14.4 ಬಂತು, ಹೊಟ್ಟೆ ತುಂಬ್ತು ಅಂತ ಚಾರ್ಜ್ ನಿಲ್ಲಿಸ್ಬಿಡೋದು, ಬ್ಯಾಟರಿ ಪಾಪ ಉಪವಾಸ. ಎಸಿಎಸ್ 712 ಮಾತ್ರ ಇದರಿಂದ ಬಚಾವು, ಅದರ ಔಟ್‌ಪುಟ್ಟೂ ಅದೇ 5 ವೋಲ್ಟ್ ರೈಲಿನ ಜೊತೆಗೇ ಏರಿಳೀತದೆ. 5 ವೋಲ್ಟ್ ಎಷ್ಟಿದೆ ಅಂತ ಅಳೆದು ಆ ನಂಬರನ್ನೇ ಪ್ರೋಗ್ರಾಮಿಗೆ ಬರೀರಿ, ಆಮೇಲೆ 12, 15, 18, 21 ವೋಲ್ಟ್ ಕೊಟ್ಟು ಸೀರಿಯಲ್ ಮಾನಿಟರಿನ (ನ್ಯಾನೋ ಕಳಿಸಿದ್ದನ್ನ ಕಂಪ್ಯೂಟರಲ್ಲಿ ತೋರಿಸೋ ಕಿಟಕಿ) ನಂಬರೂ ಮೀಟರಿನ ನಂಬರೂ ಪಕ್ಕಪಕ್ಕ ಬರ್ಕಳಿ.

ಮೂರನೇ ಮೆಟ್ಲು: ಡ್ಯೂಟಿ ಕಟ್ಟಿಹಾಕಿ ಓಡಿಸೋದು

ಈಗ್ಲೂ ಟ್ರ್ಯಾಕಿಂಗ್, ಅಂದ್ರೆ ಹೆಚ್ಚು ಪವರ್ ಸಿಗೋ ಜಾಗ ಬೋರ್ಡೇ ಹುಡುಕೋದು, ಬೇಡ. ಪ್ರೋಗ್ರಾಮಲ್ಲಿ ಡ್ಯೂಟಿ (ಪ್ರತಿ ಸುತ್ತಲ್ಲಿ ಮೇಲಿನ ಮಾಸ್‌ಫೆಟ್ ಆನ್ ಇರೋ ಪಾಲು) 50 ಪರ್ಸೆಂಟಿಗೆ ಕಟ್ಟಿಹಾಕಿ. ಪ್ಯಾನೆಲ್ ಕಡೆಗೆ ಸಪ್ಲೈ 20 ವೋಲ್ಟ್, ಲಿಮಿಟ್ 1 ಆಂಪು. ಔಟ್‌ಪುಟ್ಟಿಗೆ ಏನೂ ಕಟ್ಟದೆ ಮೊದ್ಲು ಇನ್‌ಪುಟ್ ಕರೆಂಟ್ ನೋಡಿ. ನಂದು 40 ಮಿಲಿ ಆಂಪ್ ಹತ್ರ ಇತ್ತು. ಅದೇ 200, 300 ಮಿಲಿ ಆಂಪ್ ಎಳೆದು ಮಾಸ್‌ಫೆಟ್ ಬಿಸಿಯಾಗ್ತಿದ್ರೆ ಎರಡೂ ಒಂದೇ ಗಳಿಗೇಲಿ ಆನ್ ಆಗ್ತಿದಾವೆ ಅಂತ ಸಂಶಯ ಪಡಿ, ಗೇಟ್ ರೆಸಿಸ್ಟರ್ ನೋಡಿ, ಡ್ರೈವರ್ ಹತ್ರದ ಕೆಪಾಸಿಟರ್ ನೋಡಿ.

ಸರಿ ಇದ್ರೆ 10 ಓಮ್ ರೆಸಿಸ್ಟರ್ ಕಟ್ಟಿ. ಬಕ್ ಕನ್ವರ್ಟರಿನ ಲೆಕ್ಕ ಮಕ್ಕಳಾಟ, ಇನ್‌ಪುಟ್ ಗುಣಿಸು ಡ್ಯೂಟಿ, 20ರ ಅರ್ಧ 10 ವೋಲ್ಟ್ ಬರಬೇಕು. 9.8 ಬಂದ್ರೆ ಭೇಷ್. 8.5 ಬಂದ್ರೆ ಎಲ್ಲೋ ತಿಂತಾ ಇದೆ. ಡ್ಯೂಟಿ 30, 60, 80, 90 ಮಾಡಿ, ಡ್ಯೂಟಿ ಏರಿಸೋವಾಗ ಕರೆಂಟ್ ಲಿಮಿಟ್ಟೂ 2 ಆಂಪಿಗೆ ಏರಿಸಿ, ಔಟ್‌ಪುಟ್ ಅದೇ ಲೆಕ್ಕಕ್ಕೆ ಏರ್ತಾ ಹೋಗಬೇಕು. 97 ಪರ್ಸೆಂಟ್ ದಾಟಿಸಬೇಡಿ, ಮೇಲಿನ ಮಾಸ್‌ಫೆಟ್ಟಿನ ಗೇಟಿಗೆ ಬೇಕಾದ ವೋಲ್ಟೇಜ್ ಸಿಗೋದು ಬೂಟ್‌ಸ್ಟ್ರಾಪ್ ಕೆಪಾಸಿಟರಿಂದ, ಅದು ತುಂಬೋದು ಕೆಳಗಿಂದು ಆನ್ ಇದ್ದಾಗ ಮಾತ್ರ, 100 ಪರ್ಸೆಂಟ್ ಕೊಟ್ರೆ ಅದು ಖಾಲಿಯಾಗಿ ಮೇಲಿನ ಮಾಸ್‌ಫೆಟ್ ಅರ್ಧಂಬರ್ಧ ಆನ್ ಆಗಿ ಸುಡ್ತದೆ.

ಹತ್ತು ನಿಮಿಷ ಓಡಿಸಿ ಬಿಸಿ ನೋಡಿ. ಕೊರೋನಾ ಟೈಮಲ್ಲಿ ಹಣೆಗೆ ಹಿಡೀತಿದ್ದ ಗನ್ ಮನೇಲಿದೆಯಲ್ಲ ಅಂತ ಅದನ್ನ ತರಬೇಡಿ, ಅದು ಮನುಷ್ಯರ ಜ್ವರಕ್ಕೆ ಮಾಡಿದ್ದು, ನಲವತ್ತೆರಡು ನಲವತ್ಮೂರು ಡಿಗ್ರಿ ದಾಟಿದ್ರೆ ಅದಕ್ಕೆ ಗೊತ್ತಾಗಲ್ಲ. ಕೈಗಾರಿಕೆಗೆ ಬಳಸೋ ಗನ್ ಆದ್ರೂ ಹೊಳೆಯೋ ಅಲ್ಯೂಮಿನಿಯಂ ಮೇಲೆ ಸುಳ್ಳು ಹೇಳ್ತದೆ, ಒಂದು ತುಂಡು ಕರಿ ಟೇಪ್ ಅಂಟಿಸಿ ಅದರ ಮೇಲೆ ಹಿಡೀರಿ.

ಎಫಿಷಿಯನ್ಸಿ ಲೆಕ್ಕಾನೂ ಇಲ್ಲೇ ಮಾಡಬಹುದು, ಔಟ್‌ಪುಟ್ ವ್ಯಾಟ್ ಭಾಗಿಸು ಇನ್‌ಪುಟ್ ವ್ಯಾಟ್. ನಂದು 92ರ ಆಸುಪಾಸು. ಆದ್ರೆ ಸಾದಾ ಮೀಟರ್ ಒಂದೊಂದೂ ಪರ್ಸೆಂಟ್ ಎರಡು ಪರ್ಸೆಂಟ್ ಅತ್ತಿತ್ತ ಹೇಳೋವಾಗ 97 ಬಂತು ಅಂತ ಕುಣೀಬಾರದು, ಮೀಟರುಗಳನ್ನ ಅದಲುಬದಲು ಮಾಡಿ ಇನ್ನೊಂದ್ಸಲ ಅಳೆದು ಸರಾಸರಿ ತಗಳಿ. ನನಗೆ ಒಮ್ಮೆ 103 ಬಂದಿತ್ತು.

ನಾಲ್ಕನೇ ಮೆಟ್ಲು: ಬ್ಯಾಟರಿ, ನಂದು ಸುಟ್ಟಿದ್ದು ಇಲ್ಲೇ

ಬ್ಯಾಟರಿ ಅನ್ನೋದು ಬರೇ ಲೋಡ್ ಅಲ್ಲ ಮಾರಾಯ್ರೆ, ಅದೂ ಒಂದು ಸಪ್ಲೈ, ಲಿಮಿಟ್ ನಾಬ್ ಇಲ್ಲದ ಸಪ್ಲೈ. ನನ್ನ ಪ್ರೋಗ್ರಾಮ್ ಶುರುವಾಗೋವಾಗ ಡ್ಯೂಟಿ ಸೊನ್ನೆಯಿಂದ ಏರ್ತಿತ್ತು. ಸೊನ್ನೆ ಡ್ಯೂಟಿ ಅಂದ್ರೆ ಮೇಲಿಂದು ಆಫ್, ಕೆಳಗಿಂದು ಪೂರ್ತಿ ಆನ್. ಬ್ಯಾಟರಿ ಪ್ಲಸ್ಸು, ಕಾಯಿಲ್ಲು, ಕೆಳಗಿನ ಮಾಸ್‌ಫೆಟ್ಟು, ಗ್ರೌಂಡು, ಸೀದಾ ದಾರಿ. ಕಾಯಿಲ್ ಸ್ವಲ್ಪ ಹೊತ್ತು ತಡೀತದೆ, ಸ್ವಲ್ಪ ಹೊತ್ತು ಅಂದ್ರೆ ಮಿಲಿ ಸೆಕೆಂಡೂ ಇಲ್ಲ. ಮೆತ್ತಗೆ ಶುರುಮಾಡಿದ್ರೆ ಒಳ್ಳೇದು ಅಂತ ಅಂದ್ಕಂಡಿದ್ದೇ ಮುಳುವಾಯ್ತು.

ಸರಿಯಾದ ರೀತಿ ಹೀಗೆ. ಡ್ರೈವರಿನ ಎಸ್‌ಡಿ (ಶಟ್‌ಡೌನ್) ಪಿನ್ನನ್ನ ಮೊದ್ಲು ಕೆಳಗೆ, ಅಂದ್ರೆ ಸೊನ್ನೆ ವೋಲ್ಟಲ್ಲಿ, ಇಟ್ಟಿರಿ, ಎರಡೂ ಮಾಸ್‌ಫೆಟ್ ಆಫ್. ಪ್ಯಾನೆಲ್ ವೋಲ್ಟೇಜ್ ಓದಿ, ಬ್ಯಾಟರಿ ವೋಲ್ಟೇಜ್ ಓದಿ, ಬ್ಯಾಟರಿ ಭಾಗಿಸು ಪ್ಯಾನೆಲ್, ಆ ಡ್ಯೂಟಿ ಹಾಕಿ, ಆಮೇಲೆ ಎಸ್‌ಡಿ ಎತ್ತಿ.

ಇದನ್ನ ನೋಡೋಕೆ ಹಳೇ ರೇಡಿಯೋ ರಿಪೇರಿಯವರ ಸೀರೀಸ್ ಬಲ್ಬ್ ಉಪಾಯ. ಬ್ಯಾಟರಿ ಪ್ಲಸ್ಸಿಗೂ ಬೋರ್ಡಿಗೂ ನಡುವೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಕಟ್ಟಿ. ಕೆಪಾಸಿಟರ್ ತುಂಬೋವಾಗ ಬಲ್ಬ್ ಒಂದ್ಸಲ ಮಿಣುಕ್ ಅಂದು ಆರಬೇಕು. ಹತ್ತಿಕೊಂಡೇ ಇದ್ರೆ ಶಾರ್ಟು, ಬಲ್ಬೇ ಹೆಚ್ಚು ಕರೆಂಟ್ ಬಿಡಲ್ಲ, ಮಾಸ್‌ಫೆಟ್ ಉಳೀತದೆ, ನೀವೂ ಉಳೀತೀರಿ. ಆರೇಳು ಸಲ ಆನ್ ಆಫ್ ಮಾಡಿ, ನ್ಯಾನೋ ರಿಸೆಟ್ ಬಟನ್ ಒತ್ತಿ, ಪ್ರೋಗ್ರಾಮ್ ಅಪ್‌ಲೋಡ್ ಆಗ್ತಿರೋವಾಗ ಏನಾಗ್ತದೆ ಅಂತಾನೂ ನೋಡಿ, ಆ ಎರಡು ಸೆಕೆಂಡ್ ಪಿನ್ನುಗಳು ಯಾರ ಮಾತೂ ಕೇಳಲ್ಲ, ಎಸ್‌ಡಿ ಪಿನ್ನಿಂದ ಗ್ರೌಂಡಿಗೆ 10 ಕೆ ರೆಸಿಸ್ಟರ್ ಇರಲೇಬೇಕು.

ಬಲ್ಬ್ ಪಾಸ್ ಮಾಡಿದ ಮೇಲೆ ಬಲ್ಬ್ ತೆಗೆದು ಆ ಜಾಗಕ್ಕೆ 10 ಆಂಪ್ ಫ್ಯೂಸ್, ಬ್ಯಾಟರಿ ಟರ್ಮಿನಲ್ಲಿಗೆ ಎಷ್ಟು ಹತ್ರ ಆಗ್ತದೋ ಅಷ್ಟು ಹತ್ರ. ಇನ್‌ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಮನೇಲಿದೆ ಅಂತ ಮೊದಲ ದಿನವೇ ಅದಕ್ಕೆ ಕಟ್ಟಬೇಡಿ, ಅದಕ್ಕೆ ಸಿಟ್ಟು ಬಂದ್ರೆ ಸ್ಪ್ಯಾನರ್ ಕರಗಿಸ್ತದೆ. ಸಣ್ಣ 7 ಎಎಚ್ ಬ್ಯಾಟರಿ, ಅದಕ್ಕೆ ಅಡ್ಡಲಾಗಿ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್. ಬರೋ ಕರೆಂಟ್ ಹೆಚ್ಚಿನ ಪಾಲು ಬಲ್ಬ್ ತಿಂತದೆ, ಬ್ಯಾಟರಿ ವೋಲ್ಟೇಜ್ ಹಿಡಿದಿಟ್ಟುಕೊಳ್ಳೋ ಕೆಲಸ ಮಾತ್ರ ಮಾಡ್ತದೆ.

ಐದನೇ ಮೆಟ್ಲು: ಸುಳ್ಳು ಪ್ಯಾನೆಲ್ಲು

ಮೊದ್ಲು ಸುಲಭದ್ದು. ಸಪ್ಲೈ 30 ವೋಲ್ಟಿಗೆ ಇಟ್ಟು, ಪ್ಲಸ್ಸಿಗೆ ಆ 10 ಓಮ್ ರೆಸಿಸ್ಟರ್ ಸೀರೀಸಲ್ಲಿ ಕಟ್ಟಿ ಬೋರ್ಡಿಗೆ ಕೊಡಿ. ಹೀಗೆ ಕಟ್ಟಿದಾಗ ಹೆಚ್ಚು ಪವರ್ ಸಿಗೋದು ಸಪ್ಲೈಯ ಸರೀ ಅರ್ಧಕ್ಕೆ, 15 ವೋಲ್ಟಿಗೆ 1.5 ಆಂಪು, 22.5 ವ್ಯಾಟು. ಇದು ಪಿಯುಸಿ ಲೆಕ್ಕ, ತಪ್ಪೋ ಮಾತೇ ಇಲ್ಲ. ಟ್ರ್ಯಾಕಿಂಗ್ ಆನ್ ಮಾಡಿ, ಬೋರ್ಡ್ ತನ್ನಷ್ಟಕ್ಕೆ 15ರ ಹತ್ರ ಬಂದು ನಿಂತ್ರೆ ನಿಮ್ಮ ಪ್ರೋಗ್ರಾಮಿಗೆ ದಾರಿ ಗೊತ್ತಿದೆ. 13ಕ್ಕೇ ಅಂಟಿಕೊಂಡ್ರೆ ಅಥವಾ 25ಕ್ಕೆ ಓಡಿಹೋದ್ರೆ ಎಲ್ಲೋ ಪ್ಲಸ್ ಮೈನಸ್ ಉಲ್ಟಾ ಬರೆದಿದೀರಿ, ಡ್ಯೂಟಿ ಏರಿಸಿದ್ರೆ ಪ್ಯಾನೆಲ್ ವೋಲ್ಟೇಜ್ ಇಳೀತದೆ ಅನ್ನೋದು ತಲೇಲಿ ಕೂರೋಕೆ ನಂಗೂ ಎರಡು ದಿನ ಬೇಕಾಯ್ತು.

ಈಗ ಕಂಬಳಿ. ಸೋಲಾರ್ ಸೆಲ್ ಅಂದ್ರೆ ದೊಡ್ಡ ಡಯೋಡು, ಬಿಸಿಲು ಬಿದ್ದಾಗ ಅದಕ್ಕೆ ಅಡ್ಡಲಾಗಿ ಒಂದು ಕರೆಂಟ್ ಸೋರ್ಸ್ ಕೂತ ಹಂಗೆ. ಬಿಸಿಲಿಲ್ಲ ಅಂದ್ರೆ ಆ ಕರೆಂಟನ್ನ ನಾವೇ ಹೊರಗಿಂದ ಕೊಟ್ರಾಯ್ತು. ಪ್ಯಾನೆಲ್ಲನ್ನ ಜಗಲೀಲಿ ಕವಚಿ ಹಾಕಿ, ಸಪ್ಲೈಯನ್ನ ಕಾನ್‌ಸ್ಟಂಟ್ ಕರೆಂಟಲ್ಲಿ 3 ಆಂಪಿಗೆ ಇಡಿ, ವೋಲ್ಟೇಜ್ ನಾಬ್ 24ಕ್ಕೆ. ಸಪ್ಲೈ ಪ್ಲಸ್ಸು ಪ್ಯಾನೆಲ್ ಪ್ಲಸ್ಸಿಗೆ, ಮೈನಸ್ಸು ಮೈನಸ್ಸಿಗೆ, ಅದೇ ಎರಡು ವೈರಿಂದ ಬೋರ್ಡಿಗೆ. ಸಪ್ಲೈ ಪ್ಲಸ್ಸಿಗೆ ಒಂದು ಶಾಟ್‌ಕಿ ಡಯೋಡ್ ಸೀರೀಸಲ್ಲಿ ಹಾಕಿ, ಇಲ್ಲದಿದ್ರೆ ಸಪ್ಲೈ ಆಫ್ ಮಾಡಿದಾಗ ಬ್ಯಾಟರಿ ಹಿಂದಿಂದ ಅದರೊಳಗೆ ನುಗ್ತದೆ. ಪ್ಯಾನೆಲ್ ವೈರಲ್ಲಿ ಮೊದಲೇ ಬ್ಲಾಕಿಂಗ್ ಡಯೋಡ್ ಹಾಕಿಟ್ಟಿದ್ರೆ ಅದನ್ನ ತೆಗೀಬೇಕು, ಅದಿದ್ರೆ ಕರೆಂಟ್ ಒಳಗೇ ಹೋಗಲ್ಲ.

ಬೋರ್ಡ್ ಕರೆಂಟ್ ತಗಳ್ಳದೇ ಇದ್ದಾಗ ಮೂರೂ ಆಂಪ್ ಪ್ಯಾನೆಲ್ಲೊಳಗೇ ಸುತ್ತಿ ವೋಲ್ಟೇಜ್ 21ಕ್ಕೆ ನಿಲ್ತದೆ, ಬೋರ್ಡ್ ಎಳೆಯೋಕೆ ಶುರುಮಾಡಿದ್ರೆ ನಿಜ ಪ್ಯಾನೆಲ್ಲಿನ ಹಂಗೇ ಇಳೀತದೆ. ಹೊರಗೆ ಧೋ ಅಂತ ಮಳೆ, ಒಳಗೆ 50 ವ್ಯಾಟ್ ಬಿಸಿಲು. ನಾನು ಮೊದಲ ದಿನ ಬೆಳಕು ತಾಗಬಾರದು ಅಂತ ಹಳೇ ಕಂಬಳಿ ಹೊದೆಸಿದ್ದೆ, ಆಯಿ ಬಂದು ನೋಡಿ "ಪ್ಯಾನೆಲ್ಲಿಗೂ ಚಳಿ ಆಗ್ತನ ತಮಾ?" ಅಂತು. ನಿಜ ಹೇಳ್ಬೇಕಂದ್ರೆ ಕಂಬಳಿ ಬೇಕಾಗಿರ್ಲಿಲ್ಲ, ಕವಚಿ ಹಾಕಿದ್ರೆ ಸಾಕಿತ್ತು, ಕಂಬಳಿ ಹಾಕಿದ್ದಕ್ಕೆ ಪ್ಯಾನೆಲ್ ಒಳಗೇ ಬಿಸಿಯಾಗಿ ವೋಲ್ಟೇಜ್ ನಿಧಾನಕ್ಕೆ ಇಳೀತಾ ಹೋಯ್ತು. ಒಂದು ಲಾಭ ಆಯ್ತು, ಬೋರ್ಡ್ ಅದರ ಹಿಂದೇನೇ ತಾನೂ ಇಳೀತಾ ಬಂತು, ಬೇಸಿಗೆ ಟೆಸ್ಟ್ ಪುಕ್ಕಟೆ.

ಟ್ರ್ಯಾಕಿಂಗ್ ಆಫ್ ಮಾಡಿ ಡ್ಯೂಟಿಯನ್ನ ಕೈಯಲ್ಲೇ ಒಂದೊಂದು ಹೆಜ್ಜೆ ಬದಲಿಸಿ ಪಟ್ಟಿ ಬರೀರಿ. ನನ್ನ ನೋಟ್‌ಬುಕ್ಕಿಂದು ಹೀಗಿದೆ: 14 ವೋಲ್ಟಿಗೆ 2.99 ಆಂಪು, 41.9 ವ್ಯಾಟು. 16ಕ್ಕೆ 2.96, 47.4 ವ್ಯಾಟು. 17ಕ್ಕೆ 2.91, 49.5. 18ಕ್ಕೆ 2.79, 50.2. 18.5ಕ್ಕೆ 2.68, 49.6. 19ಕ್ಕೆ 2.50, 47.5. 20ಕ್ಕೆ 1.78, ಬರೇ 35.6 ವ್ಯಾಟು. ಶಿರಸಿಯಿಂದ ಕುಮಟಾಕ್ಕೆ ಹೋದೋರಿಗೆ ಈ ಗೆರೆ ಗೊತ್ತು, ದೇವಿಮನೆ ವರೆಗೆ ಏರಿದ್ದೂ ಗೊತ್ತಾಗಲ್ಲ ಇಳಿದಿದ್ದೂ ಗೊತ್ತಾಗಲ್ಲ, ಅಲ್ಲಿಂದ ಮುಂದೆ ಧಡಕ್ಕನೆ ಘಟ್ಟ. ಬೋರ್ಡ್ ನಿಲ್ಲಬೇಕಾದ್ದು ದೇವಿಮನೆ ಹತ್ರ, ಸ್ವಲ್ಪ ಶಿರಸಿ ಕಡೆ ಇದ್ರೂ ನಷ್ಟ ಇಲ್ಲ, ಕುಮಟಾ ಕಡೆ ಜಾರಿದ್ರೆ ಹೋಯ್ತು. ನಿಜ ಬಿಸಿಲಲ್ಲಿ ತುದಿಯ, ಅಂದ್ರೆ ಹೆಚ್ಚು ಪವರ್ ಸಿಗೋ ಜಾಗದ, ವೋಲ್ಟೇಜ್ ಇದಕ್ಕಿಂತ ಸ್ವಲ್ಪ ಕಮ್ಮಿ ಬರ್ತದೆ, ಯಾಕಂದ್ರೆ ಇಲ್ಲಿ ಕರೆಂಟ್ ಸೆಲ್ಲುಗಳ ಒಳಗಿನ ರೆಸಿಸ್ಟೆನ್ಸ್ ದಾಟದೇನೇ ಸಪ್ಲೈಯಿಂದ ಸೀದಾ ಬೋರ್ಡಿಗೆ ಬರ್ತದೆ, ಬೋರ್ಡ್ ಪರೀಕ್ಷೆಗೆ ಅದು ಅಡ್ಡಿಯಿಲ್ಲ.

ಈಗ ಟ್ರ್ಯಾಕಿಂಗ್ ಆನ್ ಮಾಡಿ. ನಂದು ಮೊದಲ ಸಲ 16.5ಕ್ಕೂ 19ಕ್ಕೂ ನಡುವೆ ಕುಡುಕನ ಹಂಗೆ ಓಲಾಡ್ತಿತ್ತು. ಪ್ರೋಗ್ರಾಮ್ ನೂರು ಸಲ ಓದಿದೆ, ತಪ್ಪಿಲ್ಲ. ಕೊನೆಗೆ ಲೆಕ್ಕ ಹಾಕಿದ್ಮೇಲೆ ತಿಳೀತು. ಎಸಿಎಸ್ 712ರ 20 ಆಂಪಿಂದು ಒಂದು ಆಂಪಿಗೆ 100 ಮಿಲಿವೋಲ್ಟ್ ಕೊಡ್ತದೆ, ಆರ್ಡಿನೋದ ಒಂದು ಕೌಂಟ್ (ಅದು ಗುರುತಿಸೋ ಅತಿ ಸಣ್ಣ ಅಳತೆ) ಅಂದ್ರೆ 4.9 ಮಿಲಿವೋಲ್ಟು, ಅಂದ್ರೆ ಒಂದು ಕೌಂಟಿಗೆ 49 ಮಿಲಿ ಆಂಪು, 18 ವೋಲ್ಟಲ್ಲಿ ಅದು ಹತ್ರಹತ್ರ 0.9 ವ್ಯಾಟು. ಡ್ಯೂಟಿ ಒಂದು ಹೆಜ್ಜೆ ಬದಲಿಸಿದ್ರೆ, ನನ್ನ 160 ಹೆಜ್ಜೆಯ ಪಿಡಬ್ಲ್ಯುಎಂನಲ್ಲಿ, ಪ್ಯಾನೆಲ್ ವೋಲ್ಟೇಜ್ 0.15 ಬದಲಾಗೋದು, ತುದಿ ಹತ್ರ ಪವರ್ ಬದಲಾಗೋದು ಎರಡು ಮೂರು ಸೆಂಟಿವ್ಯಾಟು. ಜಾತ್ರೇಲಿ ಪಿಸುಮಾತು ಕೇಳಿಸ್ಕಳಕ್ಕೆ ಹೋದಂಗಾಯ್ತು. ಮದ್ದು ಎರಡು: ಪ್ರತಿ ಸಲ 64 ಅಥವಾ ಅದಕ್ಕಿಂತ ಜಾಸ್ತಿ ಸಲ ಓದಿ ಸರಾಸರಿ ತೆಗೀರಿ, ಹೆಜ್ಜೆ ಒಂದರ ಬದಲು ಎರಡು ಮೂರು ಇಡಿ. ಡ್ಯೂಟಿ ಬದಲಿಸಿದ ಕೂಡ್ಲೇ ಓದಬೇಡಿ, ಕೆಪಾಸಿಟರ್ ಸುಧಾರಿಸಿಕೊಳ್ಳೋಕೆ ಬಿಟ್ಟು 100 ಮಿಲಿ ಸೆಕೆಂಡಿಗೆ ಒಂದು ಹೆಜ್ಜೆ ಸಾಕು. ಹೀಗೆ ಮಾಡಿದ್ಮೇಲೆ ನಂದು 17.3ರಿಂದ 18.4ರ ಒಳಗೆ ಇರ್ತದೆ, ಮೇಲಿನ ಪಟ್ಟಿ ನೋಡಿದ್ರೆ ಅಷ್ಟರೊಳಗೆ ನಷ್ಟ ಒಂದು ಪರ್ಸೆಂಟ್ ಇಲ್ಲ, ಅದಕ್ಕಿಂತ ನಯ ಮಾಡೋಕೆ ಹೋಗಿ ತಲೆ ಕೆಡಿಸ್ಕಬೇಡಿ.

ಮೋಡದ ಟೆಸ್ಟು ಸಪ್ಲೈಯ ಕರೆಂಟ್ ನಾಬಲ್ಲಿ. 3 ಆಂಪಿಂದ 1 ಆಂಪಿಗೆ ಸರ್ರನೆ ಇಳಿಸಿ, ತುದಿ 17 ವೋಲ್ಟಿನ ಹತ್ರ ಬರಬೇಕು, ಪವರ್ 15 16 ವ್ಯಾಟು. ಮತ್ತೆ 3ಕ್ಕೆ ನಿಧಾನವಾಗಿ ಏರಿಸ್ತಾ ನೋಡಿ. ಏರೋವಾಗ ಬೋರ್ಡಿಗೆ ಭ್ರಮೆ ಹಿಡೀತದೆ, ಬೆಳಕು ಜಾಸ್ತಿಯಾಗಿ ಪವರ್ ಏರಿದ್ದನ್ನ ತನ್ನ ಹೆಜ್ಜೆಯಿಂದಲೇ ಏರಿದ್ದು ಅಂದ್ಕಂಡು ಅದೇ ದಿಕ್ಕಿಗೆ ನಡ್ಕಂಡು ಹೋಗ್ತದೆ. ಸ್ವಲ್ಪ ದೂರ ಹೋಗಿ ನಾಬ್ ನಿಂತ ಮೂರ್ನಾಲ್ಕು ಸೆಕೆಂಡಲ್ಲಿ ವಾಪಸ್ ಬಂದ್ರೆ ಕ್ಷಮಿಸಿಬಿಡಿ.

ಆರನೇ ಮೆಟ್ಲು: ರಾತ್ರಿ

ಇದನ್ನ ಯಾರೂ ಮಾಡಲ್ಲ. ನಾನೂ ಮಾಡಿರ್ಲಿಲ್ಲ. ಒಂದಿನ ರಾತ್ರಿ ಒಂಬತ್ತಕ್ಕೆ ಸುಮ್ನೆ ಡಿಸ್‌ಪ್ಲೇ ನೋಡಿದ್ರೆ ಪ್ಯಾನೆಲ್ 17.5 ವೋಲ್ಟ್. ಹೊರಗೆ ಹುಣ್ಣಿಮೆ ಬೇರೆ, ಮೋಡ ಹರಿದಿತ್ತು, ಅರೆ ಬೆಳದಿಂಗಳಲ್ಲೂ ಚಾರ್ಜ್ ಆಗ್ತದಲ್ಲ ಅಂತ ಒಂದು ಗಳಿಗೆ ನಿಜವಾಗ್ಲೂ ನಂಬಿದೆ. ಬೆಳಿಗ್ಗೆ ನೋಡಿದ್ರೆ ಬ್ಯಾಟರಿ ಇಳಿದುಹೋಗಿದೆ.

ಆಗಿದ್ದು ಏನಂದ್ರೆ ಈ ಎರಡು ಮಾಸ್‌ಫೆಟ್ಟಿನ ಬಕ್ಕನ್ನ ಹಿಂದಿನಿಂದ ನೋಡಿದ್ರೆ ಅದೇ ಬೂಸ್ಟ್ ಕನ್ವರ್ಟರು. ಪ್ಯಾನೆಲ್ಲಲ್ಲಿ ಬೆಳಕಿಲ್ಲ, ಡ್ಯೂಟಿ 72 ಪರ್ಸೆಂಟಲ್ಲಿ ಓಡ್ತಾನೇ ಇದೆ, ಬ್ಯಾಟರಿಯ 12.6 ವೋಲ್ಟನ್ನ ಏರಿಸಿ 17.5 ಮಾಡಿ ಪ್ಯಾನೆಲ್ಲಿಗೆ ತಳ್ತಾ ಇದೆ. ರಾತ್ರಿಯೆಲ್ಲ ಪ್ಯಾನೆಲ್ಲಿಗೆ ಶಾಖ ಕೊಟ್ಟಿದ್ದೇ ಬಂತು. ಟೆಸ್ಟ್ ಮಾಡೋದು ಸುಲಭ, ಸಪ್ಲೈಯ ಕರೆಂಟ್ ನಾಬನ್ನ ನಿಧಾನಕ್ಕೆ ಸೊನ್ನೆಗೆ ತನ್ನಿ, ಬ್ಯಾಟರಿ ವೈರಲ್ಲಿ ಮೀಟರ್ ಇಟ್ಟು ಕರೆಂಟಿನ ದಿಕ್ಕು ನೋಡ್ತಾ ಇರಿ, ಮೈನಸ್ ಆಗೋಕೆ ಮುಂಚೆ ಎಸ್‌ಡಿ ಬಿದ್ದು ಎಲ್ಲ ಆಫ್ ಆಗಬೇಕು. ನಾನು ಚಾರ್ಜ್ ಕರೆಂಟ್ 0.3 ಆಂಪಿಗಿಂತ ಇಳಿದ್ರೆ ಆಫ್ ಅಂತ ಬರೆದೆ. ಆಫ್ ಆದ ಮೇಲೂ ಮೇಲಿನ ಮಾಸ್‌ಫೆಟ್ಟಿನ ಒಳಗಿನ ಡಯೋಡ್ ಮೂಲಕ ಪ್ಯಾನೆಲ್ ವೈರಲ್ಲಿ ಹೆಚ್ಚುಕಡಿಮೆ ಬ್ಯಾಟರಿ ವೋಲ್ಟೇಜೇ ಕಾಣ್ತದೆ, ಅದನ್ನೂ ತಡೀಬೇಕಂದ್ರೆ ಇನ್ನೊಂದು ಮಾಸ್‌ಫೆಟ್ ಉಲ್ಟಾ ಹಾಕಬೇಕು. ಇದೆಲ್ಲ ಸೇರಿ ರಾತ್ರಿ ಬ್ಯಾಟರಿಯಿಂದ ಎಳೆಯೋದು ಕೆಲವೇ ಮಿಲಿ ಆಂಪ್ ಇರಬೇಕು, ನ್ಯಾನೋ ತಾನೇ 20 ಮಿಲಿ ಆಂಪ್ ತಿಂತದೆ ಅನ್ನೋದು ಬೇರೆ ದುಃಖ.

ಇನ್ನೊಂದು, ಚಾರ್ಜ್ ಆಗ್ತಿರೋವಾಗ ಬ್ಯಾಟರಿ ವೈರ್ ಕಿತ್ತುಬಂದ್ರೆ? ಔಟ್‌ಪುಟ್ ಸರ್ರನೆ ಪ್ಯಾನೆಲ್ ವೋಲ್ಟೇಜ್ ಕಡೆ ಏರ್ತದೆ, ಅದಕ್ಕೇ ಕಟ್ಟಿರೋ 12 ವೋಲ್ಟ್ ಎಲ್‌ಇಡಿ ಎಲ್ಲ ಒಟ್ಟಿಗೇ ಶಿವಾಯ ನಮಃ. ಸಪ್ಲೈ 0.5 ಆಂಪಿಗೆ ಇಳಿಸಿ ಬೇಕಂತಲೇ ಬ್ಯಾಟರಿ ಕಿತ್ತು ನೋಡಿ, 15 ವೋಲ್ಟ್ ದಾಟೋಕೆ ಬಿಡದೆ ಬೋರ್ಡ್ ನಿಲ್ಲಬೇಕು. ಕಟ್ಟೋವಾಗ ಯಾವಾಗ್ಲೂ ಬ್ಯಾಟರಿ ಮೊದ್ಲು ಪ್ಯಾನೆಲ್ ಆಮೇಲೆ, ಬಿಚ್ಚೋವಾಗ ಪ್ಯಾನೆಲ್ ಮೊದ್ಲು.

ಏಳನೇ ಮೆಟ್ಲು: ಬಿಸಿಲು

ಇಷ್ಟಾದ್ಮೇಲೆ ಹೊರಗೆ ಬನ್ನಿ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರೋದು ಗಡಿಯಾರದ ಹನ್ನೆರಡಕ್ಕಲ್ಲ, ದೇಶದ ಟೈಮ್ ಲೆಕ್ಕ ಹಾಕೋ ರೇಖೆಗಿಂತ ನಾವು ಪಶ್ಚಿಮಕ್ಕಿದೀವಿ, ಹನ್ನೆರಡೂವರೆ ಆಸುಪಾಸು, ಫೆಬ್ರವರೀಲಿ ಮುಕ್ಕಾಲಾದ್ರೂ ಆಗ್ತದೆ. ಮೋಡ ಇಲ್ಲದ ದಿನ ಆ ಹೊತ್ತಿಗೆ ಅರ್ಧ ಗಂಟೆ ಬೆಳಕು ಹೆಚ್ಚು ಬದಲಾಗಲ್ಲ, ಕೈಯಲ್ಲಿ ಪಟ್ಟಿ ಬರೆಯೋಕೆ ಅದೇ ಟೈಮು. ಅಡಿಕೆ ಮರದ ಸೋಗೆ ನೆರಳು ಒಂದು ಸೆಲ್ಲಿನ ಮೇಲೆ ಬಿದ್ರೂ ಅರ್ಧ ಪ್ಯಾನೆಲ್ ಮಲಗ್ತದೆ, ಅಂಗಳದ ನಡುವೆ ಇಡಿ.

ಲೇಬಲ್ಲಿನ 100 ವ್ಯಾಟ್ ಬರಲಿಲ್ಲ ಅಂತ ಬೋರ್ಡಿಗೆ ಬೈಬೇಡಿ. ಲೇಬಲ್ ಬರೆಯೋದು ಸೆಲ್ 25 ಡಿಗ್ರಿ ಇದ್ದಾಗ. ಏಪ್ರಿಲ್ಲಲ್ಲಿ ಕಾರವಾರದ ತಾರಸಿ ಮೇಲೆ ಸೆಲ್ 60 ಡಿಗ್ರಿ ಆಗೋದು ದೊಡ್ಡ ಮಾತಲ್ಲ, ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ಪವರ್ ಹೋಗ್ತದೆ, ಅಲ್ಲಿಗೆ 86 ವ್ಯಾಟು, ತುದಿ 15.6 ವೋಲ್ಟ್ ಹತ್ರ ಇಳಿದಿರ್ತದೆ. ಅದೇ ಹೊತ್ತಲ್ಲಿ ಸಾದಾ ಪಿಡಬ್ಲ್ಯುಎಂ 75 ವ್ಯಾಟ್ ಕೊಡ್ತದೆ. ಅದಕ್ಕೇ ನನ್ನ ಅಭಿಪ್ರಾಯ ಕೇಳಿದ್ರೆ ಕರಾವಳೀಲಿ ಒಂದೇ 12 ವೋಲ್ಟ್ ಪ್ಯಾನೆಲ್ಲಿಗೆ ದುಡ್ಡು ಕೊಟ್ಟು ಎಂಪಿಪಿಟಿ ತರೋದು ಅಷ್ಟು ಲಾಭದ್ದಲ್ಲ, 60 ಸೆಲ್ಲಿನ ದೊಡ್ಡ ಪ್ಯಾನೆಲ್ಲನ್ನ 12 ವೋಲ್ಟ್ ಬ್ಯಾಟರಿಗೆ ಕಟ್ತೀರಿ ಅಂದ್ರೆ ಮಾತ್ರ ಇದಿಲ್ಲದೆ ಆಗಲ್ಲ, ಅದರ ತುದಿ 30 ವೋಲ್ಟಿನ ಹತ್ರ ಇರ್ತದೆ, ಪಿಡಬ್ಲ್ಯುಎಂ ಅರ್ಧಕ್ಕಿಂತ ಜಾಸ್ತಿ ಚೆಲ್ತದೆ.

ಕೊನೇದಾಗಿ ಕಾರವಾರ, ಅಂಕೋಲ, ಗೋಕರ್ಣ ಕಡೆಯೋರಿಗೆ. ಮಾವನ ಮನೆ ಕಾರವಾರದಲ್ಲಿ, ಸಮುದ್ರ ಕಾಣೋ ದೂರ, ಅಲ್ಲಿಟ್ಟ ಇನ್ನೊಂದು ಬೋರ್ಡು ಆರು ತಿಂಗಳಿಗೆ ಪವರ್ ಕಮ್ಮಿ ಕೊಡ್ತಿದೆ ಅಂತ ಫೋನ್ ಬಂತು. ಹೋಗಿ ನೋಡಿದ್ರೆ ಬೋರ್ಡ್ ಸರಿಯಾಗೇ ಇದೆ, ಸ್ಕ್ರೂ ಟರ್ಮಿನಲ್ಲು ಉಪ್ಪುಗಾಳಿಗೆ ಹಸಿರು ಹಿಡಿದಿತ್ತು. ಚಾರ್ಜ್ ಆಗ್ತಿರೋವಾಗ ಮೀಟರಿನ ಒಂದು ಕಡ್ಡಿ ವೈರಿನ ತಾಮ್ರಕ್ಕೆ, ಇನ್ನೊಂದು ಬೋರ್ಡಿನ ಸೋಲ್ಡರಿಗೆ ಇಟ್ಟೆ, 0.3 ವೋಲ್ಟು. 5 ಆಂಪಿಗೆ ಒಂದೂವರೆ ವ್ಯಾಟು ಆ ಒಂದು ಸ್ಕ್ರೂ ಕೆಳಗೇ ಬಿಸಿಯಾಗ್ತಿತ್ತು, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ವೈರ್ ತುದಿ ಕತ್ತರಿಸಿ ಹೊಸ ತಾಮ್ರ ತೆಗೆದು ಲಗ್ ಒತ್ತಿ, ಬಿಗಿದು, ಮೇಲಿಂದ ವ್ಯಾಸಲೀನ್ ಬಳಿದೆ, 0.02ಕ್ಕೆ ಇಳೀತು. ಡಬ್ಬಿಯ ವೈರ್ ತೂತು ಕೆಳಮುಖ ಮಾಡಿ, ತೂತಿಗೆ ಸೊಳ್ಳೆಬಲೆ ತುಂಡು ಹಾಕಿ, ಅಲ್ಲಿ ಕಾಯಿಲ್ ಹತ್ರ ಬೆಚ್ಚಗೆ ಒಂದು ಹಲ್ಲಿ ಸಂಸಾರ ಹೂಡಿತ್ತು.